ಒಬ್ಬ ಅಜ್ಜಿಗೆ ದಿನಕ್ಕೆ ಎಷ್ಟು ನಿಮಿಷ? ಅಮೆರಿಕದ ನರ್ಸಿಂಗ್ ಹೋಮ್ ನಿಯಮ ಬಂದು ಹೋದ ಕಥೆ

ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಕನಿಷ್ಠ ಎಷ್ಟು ಸಿಬ್ಬಂದಿ ಇರಬೇಕು ಎಂದು ಹೇಳುವ ನಿಯಮವೊಂದು 2024ರ ಮೇ ತಿಂಗಳಲ್ಲಿ ಹೊರಬಿತ್ತು. 2025ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ನ್ಯಾಯಾಧೀಶರೊಬ್ಬರು ಅದನ್ನು ರದ್ದು ಮಾಡಿದರು. ಜೂನ್‌ನಲ್ಲಿ ಅಯೋವಾದ ಇನ್ನೊಂದು ಕೋರ್ಟೂ ರದ್ದು ಮಾಡಿತು. ಜುಲೈನಲ್ಲಿ ಅಲ್ಲಿನ ಸಂಸತ್ತು, ಈ ನಿಯಮವನ್ನು 2034ರ ಸೆಪ್ಟೆಂಬರ್ 30ರವರೆಗೆ ಜಾರಿ ಮಾಡಬಾರದು ಎಂದು ಕಾನೂನು ಮಾಡಿತು. ಡಿಸೆಂಬರ್‌ನಲ್ಲಿ, ನಿಯಮ ಬರೆದಿದ್ದ ಇಲಾಖೆಯೇ ಅದನ್ನು ವಾಪಸ್ ತೆಗೆದುಕೊಂಡಿತು. ಸತ್ತ ಹಾವನ್ನು ನಾಲ್ಕು ಸಲ ಹೊಡೆದ ಹಾಗೆ.

ತಮಾಷೆ ಏನೆಂದರೆ, ಸಿಬ್ಬಂದಿಯ ಲೆಕ್ಕ ಹೇಳುವ ಆ ಭಾಗ ಒಂದು ದಿನವೂ ಜಾರಿಯಲ್ಲಿ ಇರಲಿಲ್ಲ. ಮೊದಲ ಗಡುವೇ 2026ಕ್ಕಿತ್ತು. ಹಾಗಾದರೆ ಇಷ್ಟು ಗದ್ದಲ ಯಾಕೆ? ಯಾರು ಯಾವುದಕ್ಕೆ ಹೆದರಿದರು? ಅಲ್ಲಿ ಇರುವ ಸುಮಾರು 12 ಲಕ್ಷ ಮಂದಿಗೆ ಇದರಿಂದ ಏನಾಗುತ್ತದೆ?

ಮೊದಲು ಹೆಸರಿನ ಗೊಂದಲ

ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಬಡಾವಣೆಯ ಮೂಲೆಯಲ್ಲಿರುವ ಸಣ್ಣ ಖಾಸಗಿ ಆಸ್ಪತ್ರೆ. ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್‌ಗೋ ಹೋಗಿ, ನಾಲ್ಕು ದಿನ ಇದ್ದು ಬರುವ ಜಾಗ. ಅಮೆರಿಕದಲ್ಲಿ ಆ ಪದದ ಅರ್ಥವೇ ಬೇರೆ. ಸ್ನಾನ, ಬಟ್ಟೆ, ಊಟ, ಶೌಚ ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕಾದವರು ಅಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುತ್ತಾರೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ, ಚೇತರಿಸಿಕೊಳ್ಳಲು ಕೆಲವು ವಾರ ಬಂದಿರುವವರೂ ಅದೇ ಕಟ್ಟಡದಲ್ಲಿ ಇರುತ್ತಾರೆ. ವೃದ್ಧಾಶ್ರಮಕ್ಕಿಂತ ಹೆಚ್ಚು, ಆಸ್ಪತ್ರೆಗಿಂತ ಕಡಿಮೆ. ಇಂಥ ಮನೆಗಳು ದೇಶದಲ್ಲಿ ಸುಮಾರು 15,000 ಇವೆ. ಹತ್ತರಲ್ಲಿ ಏಳು ಲಾಭಕ್ಕಾಗಿ ನಡೆಯುವಂಥವು.

ಕೈಯಿಂದಲೇ ದುಡ್ಡು ಕಟ್ಟಿದರೆ ವರ್ಷಕ್ಕೆ ಒಂದು ಲಕ್ಷ ಡಾಲರಿಗೂ ಜಾಸ್ತಿ ಬೇಕು. ಅಷ್ಟು ದಿನ ಕಟ್ಟುವ ಶಕ್ತಿ ಯಾರಿಗಿದೆ? ವಯಸ್ಸಾದವರಿಗಾಗಿ ಇರುವ ಮೆಡಿಕೇರ್ ವಿಮೆ ಆಸ್ಪತ್ರೆ ವಾಸದ ನಂತರದ ಆರೈಕೆಗೆ ಮಾತ್ರ, ಅದೂ ಹೆಚ್ಚೆಂದರೆ 100 ದಿನ, ದುಡ್ಡು ಕೊಡುತ್ತದೆ. ಆಮೇಲೆ ಉಳಿತಾಯ ಕರಗುತ್ತದೆ. ಅದು ಪೂರ್ತಿ ಕರಗಿದ ಮೇಲೆ ಬಡವರಿಗಾಗಿ ಇರುವ ಮೆಡಿಕೇಡ್ ಯೋಜನೆ ಕೈ ಹಿಡಿಯುತ್ತದೆ. ಅಲ್ಲಿ ಇರುವ ಹತ್ತು ಜನರಲ್ಲಿ ಆರು ಜನರ ಬಿಲ್ ಕಟ್ಟುವುದು ಮೆಡಿಕೇಡ್. ದುಡ್ಡು ಸರ್ಕಾರದ್ದು, ಕಟ್ಟಡ ಖಾಸಗಿಯವರದು. ಈ ಮಾತು ನೆನಪಿರಲಿ. ಮುಂದಿನ ಜಗಳವೆಲ್ಲ ಇದರಿಂದಲೇ ಹುಟ್ಟುತ್ತದೆ.

3.48 ಗಂಟೆ ಅಂದರೆ ಏನು?

ನಿಯಮದ ತಿರುಳು ಒಂದೇ ಸಂಖ್ಯೆ. ಒಬ್ಬ ನಿವಾಸಿಗೆ ದಿನಕ್ಕೆ 3.48 ಗಂಟೆ ಆರೈಕೆ. ಅಂದರೆ ಸುಮಾರು 209 ನಿಮಿಷ. ಇದರಲ್ಲಿ 0.55 ಗಂಟೆ, ಅಂದರೆ 33 ನಿಮಿಷ, ನೋಂದಾಯಿತ ನರ್ಸ್‌ನಿಂದ. 2.45 ಗಂಟೆ, ಅಂದರೆ 147 ನಿಮಿಷ, ನರ್ಸಿಂಗ್ ಸಹಾಯಕರಿಂದ. ಉಳಿದ 29 ನಿಮಿಷವನ್ನು ಇವರಲ್ಲಿ ಯಾರು ಕೊಟ್ಟರೂ ಆಗುತ್ತದೆ, ಅಥವಾ ಇವರಿಬ್ಬರ ನಡುವಿನ ದರ್ಜೆಯ ನರ್ಸ್‌ಗಳು ಕೊಡಬಹುದು. ಜೊತೆಗೆ ಇನ್ನೊಂದು ಷರತ್ತು: ಕಟ್ಟಡದಲ್ಲಿ 24 ಗಂಟೆಯೂ ಒಬ್ಬ ನೋಂದಾಯಿತ ನರ್ಸ್ ಇರಲೇಬೇಕು.

ಸಹಾಯಕರು ಅಂದರೆ ನಾವು ಆಯಾ ಅಂತ ಕರೆಯುವವರ ಕೆಲಸ ಮಾಡುವವರು. ಅಲ್ಲಿ ಅವರಿಗೆ ಕನಿಷ್ಠ 75 ಗಂಟೆ ತರಬೇತಿ ಆಗಿರಬೇಕು. ಎಬ್ಬಿಸುವುದು, ತೊಳೆಯುವುದು, ತಿನ್ನಿಸುವುದು, ಮಗ್ಗುಲು ಬದಲಿಸುವುದು, ಎಲ್ಲ ಅವರದೇ. ನಿವಾಸಿಯ ದಿನ ಹೇಗಿರುತ್ತದೆ ಅನ್ನುವುದು ಡಾಕ್ಟರ್ ಕೈಲಿಲ್ಲ, ಇವರ ಕೈಲಿದೆ.

147 ನಿಮಿಷ ಕೇಳಲು ಧಾರಾಳವಾಗಿಯೇ ಕಾಣುತ್ತದೆ. ಬಿಡಿಸಿ ನೋಡೋಣ. 30 ಜನರ ಒಂದು ಅಂತಸ್ತು ಇದೆ ಅಂದುಕೊಳ್ಳಿ. ದಿನಕ್ಕೆ ಬೇಕಾದ ಒಟ್ಟು ಸಹಾಯಕರ ಸಮಯ 73 ಗಂಟೆ ಚಿಲ್ಲರೆ. ಎಂಟು ಗಂಟೆಯ ಪಾಳಿ ಲೆಕ್ಕದಲ್ಲಿ ಒಂಬತ್ತು ಜನ. ಬೆಳಿಗ್ಗೆ ನಾಲ್ವರು, ಸಂಜೆ ಮೂವರು, ರಾತ್ರಿ ಇಬ್ಬರು. ಬೆಳಿಗ್ಗೆ ಒಬ್ಬೊಬ್ಬರ ಪಾಲಿಗೆ ಏಳೆಂಟು ವೃದ್ಧರು. ಏಳರಿಂದ ಒಂಬತ್ತರೊಳಗೆ ಎಲ್ಲರನ್ನೂ ಎಬ್ಬಿಸಿ, ಶೌಚ ಮಾಡಿಸಿ, ಮುಖ ತೊಳೆದು, ಬಟ್ಟೆ ಹಾಕಿ, ಗಾಲಿಕುರ್ಚಿಯಲ್ಲಿ ಕೂರಿಸಿ ತಿಂಡಿಗೆ ಕರೆತರಬೇಕು. ಒಬ್ಬರಿಗೆ ಸಿಗುವುದು ಹದಿನಾರು ನಿಮಿಷ. ಅದರಲ್ಲೇ ಒಬ್ಬರು ಬಾತ್‌ರೂಮಿನಲ್ಲಿ ಹತ್ತು ನಿಮಿಷ ಜಾಸ್ತಿ ಕೂತರೆ ಮುಂದಿನವರ ಪಾಲಿಗೆ ಆರೇ ನಿಮಿಷ.

ಇದು ನಿಯಮ ಪಾಲಿಸಿದಾಗಿನ ಲೆಕ್ಕ! ಬೆಳಗಿನ ಪಾಳಿಯಲ್ಲಿ ಒಬ್ಬರು ರಜೆ ಹಾಕಿದರೂ ಸಾಕು, ಒಬ್ಬರ ಪಾಲಿಗೆ ಹತ್ತು ಜನ ಬೀಳುತ್ತಾರೆ. ಆಗ ಹದಿನಾರು ನಿಮಿಷ ಹನ್ನೆರಡಕ್ಕೆ ಇಳಿಯುತ್ತದೆ.

ಇಲ್ಲಿ ಇನ್ನೊಂದು ಸಂಗತಿ. ಇಡೀ ದೇಶದ ಸರಾಸರಿ ತೆಗೆದರೆ ಒಟ್ಟು ಗಂಟೆಗಳು 3.48ಕ್ಕಿಂತ ಸ್ವಲ್ಪ ಮೇಲೇ ಬರುತ್ತವೆ. ಹಾಗಿದ್ದೂ ನಿಯಮದ ಎಲ್ಲ ಭಾಗಗಳನ್ನೂ ಆಗಲೇ ಪೂರೈಸುತ್ತಿದ್ದವು ಐದರಲ್ಲಿ ಒಂದು ಮನೆ ಮಾತ್ರ. ಯಾಕೆಂದರೆ ಒಟ್ಟು ಗಂಟೆ ಸಾಕಷ್ಟಿದ್ದರೂ ನೋಂದಾಯಿತ ನರ್ಸ್‌ಗಳ ಗಂಟೆಯಲ್ಲೋ ಸಹಾಯಕರ ಗಂಟೆಯಲ್ಲೋ ಬಹಳ ಮನೆಗಳು ಹಿಂದೆ ಬೀಳುತ್ತಿದ್ದವು. ಸರಾಸರಿಯ ನೆರಳಲ್ಲಿ ಕೆಟ್ಟ ಮನೆಗಳೂ ಅಡಗಿಕೊಳ್ಳುತ್ತವೆ.

ಕೈಗಳು ಕಡಿಮೆಯಾದರೆ ಮೊದಲು ಏನು ಹೋಗುತ್ತದೆ?

ಸಿಬ್ಬಂದಿ ಕಡಿಮೆಯಾದ ದಿನ ಔಷಧಿ ನಿಲ್ಲುವುದಿಲ್ಲ. ಔಷಧಿ ಕೊಟ್ಟದ್ದಕ್ಕೆ ದಾಖಲೆ ಬೇಕು, ತಪ್ಪಿದರೆ ದಂಡ ಬೀಳುತ್ತದೆ. ಮೊದಲು ನಿಲ್ಲುವುದು ದಾಖಲೆಯಲ್ಲಿ ಕಾಣದ ಕೆಲಸಗಳು. ತಲೆ ಬಾಚುವುದು. ಹಲ್ಲುಸೆಟ್ಟು ತೊಳೆಯುವುದು. ವರಾಂಡದಲ್ಲಿ ಕೈ ಹಿಡಿದು ನಡೆಸುವುದು. ಐದು ನಿಮಿಷ ಕೂತು ಮಾತಾಡುವುದು.

ಅದರ ಪರಿಣಾಮ ಮೈಮೇಲೆ ಕಾಣಿಸಿಕೊಳ್ಳಲು ತಡವಾಗುವುದಿಲ್ಲ. ನಡೆಯಬಲ್ಲ ಅಜ್ಜಿಯನ್ನು ನಡೆಸಲು ಯಾರಿಗೂ ಪುರುಸೊತ್ತಿಲ್ಲ ಎಂದು ಗಾಲಿಕುರ್ಚಿಯಲ್ಲಿ ಕೂರಿಸುತ್ತಾರೆ. ಕೆಲವು ವಾರದಲ್ಲಿ ಕಾಲಿನ ಶಕ್ತಿ ಹೋಗುತ್ತದೆ. ಆಮೇಲೆ ಅವರಿಗೆ ನಿಜಕ್ಕೂ ನಡೆಯಲು ಆಗುವುದಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದು ಗಂಟೆ ಒತ್ತುತ್ತಾರೆ. ಇಪ್ಪತ್ತು ನಿಮಿಷ ಯಾರೂ ಬರುವುದಿಲ್ಲ. ಆಗ ಎರಡೇ ದಾರಿ: ಒದ್ದೆಯಲ್ಲೇ ಮಲಗುವುದು, ಇಲ್ಲವೇ ತಾವೇ ಎದ್ದು ಹೋಗಿ ಬೀಳುವುದು. ಒದ್ದೆಯಲ್ಲಿ ಮಲಗಿದರೆ ಚರ್ಮ ಕೆಡುತ್ತದೆ. ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದು ರೂಢಿಯಲ್ಲಿರುವ ಪಾಠ. ರಾತ್ರಿ ಒಬ್ಬರೇ ಇದ್ದರೆ ಅದು ಆಗದ ಮಾತು. ಬೆನ್ನಿನಲ್ಲೋ ಹಿಮ್ಮಡಿಯಲ್ಲೋ ಹುಣ್ಣು ಶುರುವಾಗುತ್ತದೆ. ಹುಣ್ಣು ಆಳಕ್ಕೆ ಇಳಿದರೆ ಸೋಂಕು, ಸೋಂಕು ರಕ್ತಕ್ಕೆ ಸೇರಿದರೆ ಸಾವು.

ಊಟದ್ದೂ ಹಾಗೇ. ಮರೆವಿನ ಕಾಯಿಲೆ ಮುಂದುವರಿದವರಿಗೆ ಒಂದು ಹೊತ್ತಿನ ಊಟ ತಿನ್ನಿಸಲು ಅರ್ಧ ಗಂಟೆಯಾದರೂ ಬೇಕು. ಅವಸರದಲ್ಲಿ ತುರುಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಶ್ವಾಸಕೋಶಕ್ಕೆ ಹೋಗುತ್ತದೆ. ತುರುಕದೆ ತಟ್ಟೆ ಎತ್ತಿಕೊಂಡು ಹೋದರೆ ತೂಕ ಇಳಿಯುತ್ತದೆ. "ಅಜ್ಜಿಗೆ ಹಸಿವಿಲ್ಲ" ಎಂದು ಬರೆದುಕೊಂಡರೆ ಅಲ್ಲಿಗೆ ಮುಗಿಯಿತು.

ಗಲಾಟೆ ಮಾಡುವವರಿಗೆ? ಮೊದಲು ಕುರ್ಚಿಗೆ ಕಟ್ಟುತ್ತಿದ್ದರು. ಅದು ಈಗ ಬಹಳ ಕಡಿಮೆ. ಆದರೆ ಮಂಕು ಬರಿಸುವ ಮಾತ್ರೆ ಕೊಡುವುದು ಇನ್ನೂ ನಿಂತಿಲ್ಲ. ಅದನ್ನು ರಾಸಾಯನಿಕ ಹಗ್ಗ ಅನ್ನುವವರಿದ್ದಾರೆ. ಕೇಳಲು ಕಟುವಾಗಿದ್ದರೂ ತಪ್ಪು ಮಾತಲ್ಲ.

1987ರಿಂದ ಬಾಕಿ ಉಳಿದ ಪ್ರಶ್ನೆ

ಇದೆಲ್ಲ ಹೊಸದಾಗಿ ಗೊತ್ತಾದದ್ದಲ್ಲ. 1986ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ದೊಡ್ಡ ವರದಿಯೊಂದನ್ನು ಕೊಟ್ಟಿತು. ಮರುವರ್ಷವೇ ರೊನಾಲ್ಡ್ ರೇಗನ್ ಸಹಿಯೊಂದಿಗೆ ನರ್ಸಿಂಗ್ ಹೋಮ್ ಸುಧಾರಣಾ ಕಾನೂನು ಬಂತು. ಪ್ರತಿ ನಿವಾಸಿಯ ದೇಹ, ಮನಸ್ಸು, ಸಾಮಾಜಿಕ ಬದುಕು ಸಾಧ್ಯವಾದಷ್ಟು ಒಳ್ಳೆಯ ಸ್ಥಿತಿಯಲ್ಲಿ ಇರಬೇಕು ಅನ್ನುವುದು ಅದರ ಗುರಿ. ಕಟ್ಟಿಹಾಕದಿರುವ ಹಕ್ಕು, ಖಾಸಗಿತನದ ಹಕ್ಕು, ದೂರು ಕೊಡುವ ಹಕ್ಕು, ಎಲ್ಲ ಅದರಲ್ಲಿ ಬಂದವು. ಕಟ್ಟುವುದು ಕಡಿಮೆಯಾದದ್ದು ಈ ಕಾನೂನಿನಿಂದಲೇ.

ಆದರೆ ಸಿಬ್ಬಂದಿಯ ವಿಷಯಕ್ಕೆ ಬಂದಾಗ ಕಾನೂನು ಜಾರಿಕೊಂಡಿತು. ನಿವಾಸಿಗಳ ಅಗತ್ಯಕ್ಕೆ "ಸಾಕಾಗುವಷ್ಟು" ಸಿಬ್ಬಂದಿ ಇರಬೇಕು ಎಂದಿತು. ನೋಂದಾಯಿತ ನರ್ಸ್ ದಿನಕ್ಕೆ ಎಂಟು ಗಂಟೆ ಇದ್ದರೆ ಸಾಕು ಎಂದಿತು. ಸಾಕಾಗುವಷ್ಟು ಅಂದರೆ ಎಷ್ಟು? ಮಾಲೀಕರಿಗೆ ಒಂದು ಉತ್ತರ, ಮಗಳಿಗೆ ಇನ್ನೊಂದು ಉತ್ತರ. ಇನ್ಸ್‌ಪೆಕ್ಟರ್ ಬಂದಾಗ ಹುಣ್ಣು ಕಂಡರೆ ಹುಣ್ಣಿಗೆ ದಂಡ ಹಾಕಬಹುದು. ಆ ಹುಣ್ಣಿಗೆ ಕಾರಣವಾದ ಖಾಲಿ ಪಾಳಿಗೆ ದಂಡ ಹಾಕುವುದು ಕಷ್ಟ.

2001ರಲ್ಲಿ ಸರ್ಕಾರವೇ ಮಾಡಿಸಿದ ಅಧ್ಯಯನ, ದಿನಕ್ಕೆ 4.1 ಗಂಟೆಗಿಂತ ಕಡಿಮೆಯಾದರೆ ನಿವಾಸಿಗಳಿಗೆ ಅಪಾಯ ಹೆಚ್ಚು ಎಂದು ಹೇಳಿತು. ವರದಿ ಕಪಾಟು ಸೇರಿತು. ಇಪ್ಪತ್ತು ವರ್ಷ ಯಾರೂ ತೆಗೆಯಲಿಲ್ಲ.

ತೆಗೆಸಿದ್ದು ಕೋವಿಡ್. 2020ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಎಂಬ ಊರಿನ ನರ್ಸಿಂಗ್ ಹೋಮ್‌ನಲ್ಲಿ ಸೋಂಕು ಹಬ್ಬಿತು. ಎರಡು ವರ್ಷದಲ್ಲಿ ದೇಶದ ಇಂಥ ಆರೈಕೆ ಮನೆಗಳಲ್ಲಿ ನಿವಾಸಿಗಳು, ಸಿಬ್ಬಂದಿ ಸೇರಿ 2 ಲಕ್ಷ ಜನ ಸತ್ತರು. ಮನೆಯವರು ಕಿಟಕಿಯ ಗಾಜಿನ ಆಚೆ ನಿಂತು ನೋಡುವ ಚಿತ್ರಗಳು ಎಲ್ಲ ಕಡೆ ಬಂದವು. 2022ರಲ್ಲಿ ಬೈಡನ್ ಸರ್ಕಾರ ಕನಿಷ್ಠ ಸಿಬ್ಬಂದಿ ನಿಯಮ ತರುವುದಾಗಿ ಹೇಳಿತು. 2024ರಲ್ಲಿ ತಂದಿತು. ಅದೂ 4.1 ಅಲ್ಲ, 3.48. ಹಳ್ಳಿ ಕಡೆಯ ಮನೆಗಳಿಗೆ ಐದು ವರ್ಷದವರೆಗೆ ಸಮಯ. ಕೆಲಸಗಾರರು ಸಿಗದ ಪ್ರದೇಶಕ್ಕೆ ವಿನಾಯಿತಿ. ಹಿರಿಯರ ಪರ ಸಂಘಟನೆಗಳಿಗೆ ಇದು ತೀರಾ ಕಡಿಮೆ ಅನಿಸಿತು. ಮಾಲೀಕರಿಗೆ ತೀರಾ ಜಾಸ್ತಿ ಅನಿಸಿತು.

ಕೋರ್ಟ್ ಹೇಳಿದ್ದೇನು?

ಮಾಲೀಕರ ಸಂಘ ಟೆಕ್ಸಸ್‌ನ ಕೋರ್ಟಿಗೆ ಹೋಯಿತು. ಹಲವು ರಾಜ್ಯಗಳು ಅಯೋವಾದ ಕೋರ್ಟಿಗೆ ಹೋದವು. ಎರಡೂ ಕಡೆ ಪ್ರಶ್ನೆ ವೃದ್ಧರ ಕ್ಷೇಮದ್ದಲ್ಲ, ಅಧಿಕಾರದ್ದು.

ಟೆಕ್ಸಸ್‌ನ ನ್ಯಾಯಾಧೀಶ ಮ್ಯಾಥ್ಯೂ ಕಾಸ್ಮಾರಿಕ್ ಅವರ ತರ್ಕ ಸರಳ. ನರ್ಸ್ ದಿನಕ್ಕೆ ಎಂಟು ಗಂಟೆ ಇರಬೇಕು ಎಂದು ಸಂಸತ್ತು ಬರೆದಿದೆ. ಇಲಾಖೆ ಅದನ್ನು 24 ಮಾಡಿದರೆ ಕಾನೂನನ್ನೇ ತಿದ್ದಿದಂತೆ. ಪ್ರತಿ ಮನೆಯ ಅಗತ್ಯ ನೋಡಿ ಸಿಬ್ಬಂದಿ ಇಡಬೇಕು ಎಂದು ಸಂಸತ್ತು ಹೇಳಿದೆ. ಇಲಾಖೆ ಎಲ್ಲರಿಗೂ ಒಂದೇ ಸಂಖ್ಯೆ ಹಾಕಿದರೆ ಅದೂ ಕಾನೂನಿಗೆ ವಿರುದ್ಧ. ಬದಲಾವಣೆ ಬೇಕಿದ್ದರೆ ಸಂಸತ್ತು ಮಾಡಲಿ.

ಇದರ ಹಿಂದೆ 2024ರ ಜೂನ್‌ನ ಒಂದು ಸುಪ್ರೀಂ ಕೋರ್ಟ್ ತೀರ್ಪಿದೆ. ಕಾನೂನಿನಲ್ಲಿ ಅಸ್ಪಷ್ಟತೆ ಇದ್ದರೆ ಇಲಾಖೆ ಕೊಡುವ ಅರ್ಥವನ್ನು ಕೋರ್ಟುಗಳು ಗೌರವಿಸಬೇಕು ಅನ್ನುವ ಪದ್ಧತಿ 1984ರಿಂದ ಇತ್ತು. ಲೋಪರ್ ಬ್ರೈಟ್ ಎಂಬ ಆ ಪ್ರಕರಣದಲ್ಲಿ ಅದನ್ನು ಕೈಬಿಟ್ಟರು. ಅಂದರೆ ನಿಯಮ ಹೊರಬಂದು ಎರಡು ತಿಂಗಳೂ ಆಗುವ ಮೊದಲೇ ಅದರ ಕಾಲ ಕೆಳಗಿನ ನೆಲ ಕುಸಿದಿತ್ತು.

ತೀರ್ಪಿನ ತರ್ಕದಲ್ಲಿ ಹುರುಳಿದೆ, ಒಪ್ಪಬೇಕು. ಎಂಟು ಎಂದು ಬರೆದದ್ದನ್ನು ಇಪ್ಪತ್ನಾಲ್ಕು ಎಂದು ಓದುವುದು ಕಷ್ಟವೇ. ಆದರೆ ಅದೇ ಕಾನೂನು ನಿವಾಸಿಗಳ ಆರೋಗ್ಯ, ಸುರಕ್ಷತೆಗಾಗಿ ಹೆಚ್ಚುವರಿ ಷರತ್ತು ಹಾಕುವ ಅಧಿಕಾರವನ್ನೂ ಇಲಾಖೆಗೆ ಕೊಟ್ಟಿದೆ. ಇಲಾಖೆ ವಾದಿಸಿದ್ದು ಆ ಎಳೆ ಹಿಡಿದೇ. ಕೋರ್ಟ್ ಆ ಎಳೆಯನ್ನು ಒಪ್ಪಲಿಲ್ಲ.

"ಜನ ಎಲ್ಲಿದ್ದಾರೆ? ದುಡ್ಡು ಎಲ್ಲಿದೆ?"

ಮಾಲೀಕರ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ನಿಯಮಕ್ಕೆ ಹತ್ತು ವರ್ಷದಲ್ಲಿ ಸುಮಾರು 4,300 ಕೋಟಿ ಡಾಲರ್ ಖರ್ಚಾಗುತ್ತದೆ ಎಂದು ಸರ್ಕಾರವೇ ಅಂದಾಜು ಮಾಡಿತ್ತು. ಆ ದುಡ್ಡು ಕೊಡುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಮೆಡಿಕೇಡ್ ಕೊಡುವ ದರ ಹಲವು ರಾಜ್ಯಗಳಲ್ಲಿ ಖರ್ಚಿಗೆ ಸಾಲುವುದಿಲ್ಲ. ಇಡೀ ಜಿಲ್ಲೆಗೆ ಒಂದೇ ನರ್ಸಿಂಗ್ ಹೋಮ್ ಇರುವ ಹಳ್ಳಿಗಾಡು ಅಲ್ಲಿ ಬೇಕಾದಷ್ಟಿದೆ. ಅದು ಮುಚ್ಚಿದರೆ ಅಜ್ಜನನ್ನು ನೂರಾರು ಮೈಲಿ ದೂರ ಕಳಿಸಬೇಕು. ಮಗಳು ವಾರಕ್ಕೊಮ್ಮೆ ಬರುತ್ತಿದ್ದವಳು ಎರಡು ತಿಂಗಳಿಗೊಮ್ಮೆ ಬರುತ್ತಾಳೆ. ಇದೂ ಬದುಕಿನ ಗುಣಮಟ್ಟದ ಪ್ರಶ್ನೆಯೇ ಅಲ್ವಾ?

ಜನ ಸಿಗುವುದಿಲ್ಲ ಅನ್ನುವುದೂ ಅರ್ಧ ನಿಜ. ಸಹಾಯಕರ ಸಂಬಳ ಗಂಟೆಗೆ 19 ಡಾಲರ್ ಆಸುಪಾಸು. ಬೆನ್ನು ಮುರಿಯುವ ಕೆಲಸ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರೂ ಅಷ್ಟೇ ಸಿಗುತ್ತದೆ, ಪೆಟ್ಟಿಗೆ ಬೈಯುವುದೂ ಇಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸಾಧಾರಣ ನರ್ಸಿಂಗ್ ಹೋಮ್‌ನಲ್ಲಿ ನೂರು ಹುದ್ದೆಗೆ ವರ್ಷದಲ್ಲಿ 94 ಸಲ ಜನ ಬಿಟ್ಟು ಹೋಗುತ್ತಾರೆ. ಅಜ್ಜಿಗೆ ಕಾಫಿ ಬಿಸಿ ಇರಬೇಕು, ಎಡಗೈ ನೋಯುತ್ತದೆ ಎಂದು ಒಬ್ಬರು ಕಲಿಯುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಜನ ಇಲ್ಲ ಅನ್ನುವುದಕ್ಕಿಂತ, ಬಂದ ಜನ ನಿಲ್ಲುವುದಿಲ್ಲ ಅನ್ನುವುದು ಸರಿ. ಸಿಬ್ಬಂದಿ ಕಡಿಮೆ, ಅದಕ್ಕೆ ಕೆಲಸ ಜಾಸ್ತಿ. ಕೆಲಸ ಜಾಸ್ತಿ, ಅದಕ್ಕೆ ಇನ್ನಷ್ಟು ಜನ ಬಿಡುತ್ತಾರೆ.

ದುಡ್ಡಿನ ಲೆಕ್ಕ ಇನ್ನೂ ಸಿಕ್ಕುಸಿಕ್ಕು. ಒಬ್ಬರೇ ಮಾಲೀಕರು ಹಲವು ಕಂಪನಿ ಮಾಡಿಕೊಂಡಿರುತ್ತಾರೆ. ಕಟ್ಟಡ ಒಂದು ಕಂಪನಿಯದು, ಆಡಳಿತ ಇನ್ನೊಂದರದು, ಥೆರಪಿ ಮತ್ತೊಂದರದು. ನರ್ಸಿಂಗ್ ಹೋಮ್ ಇವುಗಳಿಗೆ ಬಾಡಿಗೆ, ಶುಲ್ಕ ಕಟ್ಟುತ್ತದೆ. ಬಾಡಿಗೆ ಏರಿಸಿದರೆ ನರ್ಸಿಂಗ್ ಹೋಮ್ ನಷ್ಟದಲ್ಲಿದೆ ಎಂದು ಕಾಣುತ್ತದೆ. ನಷ್ಟ ಎಡಜೇಬಿನಲ್ಲಿ, ಲಾಭ ಬಲಜೇಬಿನಲ್ಲಿ. ಇಲಿನಾಯ್ ರಾಜ್ಯದ ಲೆಕ್ಕಪತ್ರ ಜಾಲಾಡಿದ ಇಬ್ಬರು ಅರ್ಥಶಾಸ್ತ್ರಜ್ಞರು, ಲಾಭದ ಅರ್ಧಕ್ಕೂ ಹೆಚ್ಚು ಭಾಗ ಹೀಗೆ ಮರೆಯಾಗುತ್ತದೆ ಎಂದು ಕಂಡುಕೊಂಡರು. ಪ್ರೈವೇಟ್ ಈಕ್ವಿಟಿ ಕಂಪನಿಗಳು, ಅಂದರೆ ಹೂಡಿಕೆದಾರರ ದುಡ್ಡಿನಿಂದ ಉದ್ಯಮಗಳನ್ನು ಕೊಂಡು ಲಾಭಕ್ಕೆ ಮಾರುವವರು, ಕೊಂಡ ಮನೆಗಳಲ್ಲಿ ಅಲ್ಪಾವಧಿಗೆ ಬಂದ ಮೆಡಿಕೇರ್ ರೋಗಿಗಳ ಸಾವಿನ ಪ್ರಮಾಣ ಶೇಕಡಾ 10ರಷ್ಟು ಏರಿತು ಎಂದು ಇನ್ನೊಂದು ಅಧ್ಯಯನ ಹೇಳಿದೆ. ಅಲ್ಲೂ ಸಹಾಯಕರ ಗಂಟೆಗಳು ಇಳಿದಿದ್ದವು.

ಎಲ್ಲ ಮಾಲೀಕರೂ ಹೀಗೆ ಎಂದಲ್ಲ. ಚರ್ಚು, ಸೇವಾಸಂಸ್ಥೆಗಳು ನಡೆಸುವ ಮನೆಗಳು ನಿಜಕ್ಕೂ ಏದುಸಿರು ಬಿಡುತ್ತಿವೆ. ಎರಡನ್ನೂ ಬೇರೆ ಮಾಡಿ ನೋಡಲು ಲೆಕ್ಕ ಪಾರದರ್ಶಕವಾಗಿರಬೇಕು. ಈ ಇಡೀ ಜಗಳದ ನಿಜವಾದ ಗಂಟು ಇಲ್ಲಿದೆ ಅನಿಸುತ್ತದೆ. ದುಡ್ಡು ಎಲ್ಲಿ ಹೋಗುತ್ತದೆ ಎಂದು ಗೊತ್ತಾಗದೆ, ದುಡ್ಡು ಸಾಕೋ ಸಾಲದೋ ಎಂದು ತೀರ್ಮಾನಿಸಲು ಆಗುವುದಿಲ್ಲ.

ಉಳಿತಾಯ ಎಂಬ ಪದ

ಕೋರ್ಟೇ ರದ್ದು ಮಾಡಿದ ನಿಯಮವನ್ನು ಸಂಸತ್ತು ಮತ್ತೆ ಮುಂದೂಡಿದ್ದು ಯಾಕೆ? ಬಹಳ ಜನರಿಗೆ ಅರ್ಥವಾಗದ ಭಾಗ ಇದು. ಉತ್ತರ ಬಜೆಟ್ ಲೆಕ್ಕದಲ್ಲಿದೆ.

2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಕಾನೂನಿನಲ್ಲಿ ತೆರಿಗೆ ಕಡಿತಗಳಿದ್ದವು. ಅದಕ್ಕೆ ಎಲ್ಲಿಂದಾದರೂ ಉಳಿತಾಯ ತೋರಿಸಬೇಕಿತ್ತು. ಸಿಬ್ಬಂದಿ ನಿಯಮವನ್ನು ಹತ್ತು ವರ್ಷ ತಡೆದರೆ ಕೇಂದ್ರಕ್ಕೆ ಸುಮಾರು 2,300 ಕೋಟಿ ಡಾಲರ್ ಉಳಿಯುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜು ಕೊಟ್ಟಿತು. ಕೋರ್ಟಿನ ತೀರ್ಪಿಗೆ ಮೇಲ್ಮನವಿ ಹೋಗಿ ನಿಯಮ ಬದುಕಬಹುದು ಅನ್ನುವ ಸಾಧ್ಯತೆ ಇತ್ತಲ್ಲ, ಆ ಸಾಧ್ಯತೆಗೂ ಒಂದು ಬೆಲೆ ಕಟ್ಟಬಹುದಿತ್ತು. ಆ ಬೆಲೆಯನ್ನು ಉಳಿತಾಯದ ಖಾತೆಗೆ ಬರೆದರು.

ಉಳಿತಾಯ ಅಂದರೆ ಇಲ್ಲಿ ಏನು? ನೇಮಕವಾಗದ ನರ್ಸ್‌ಗಳು, ನೇಮಕವಾಗದ ಸಹಾಯಕರು. ನಿಯಮ ಜಾರಿಯಾದರೆ ವರ್ಷಕ್ಕೆ ಸುಮಾರು 13,000 ಜೀವ ಉಳಿಯಬಹುದು ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಂದಾಜಿಸಿದ್ದರು. ಅದು ಅಂದಾಜೇ ಹೊರತು ಎಣಿಕೆಯಲ್ಲ, ನಿಜ. ಆದರೆ ಬಜೆಟ್ ಕಚೇರಿಯದೂ ಅಂದಾಜೇ. ಒಂದು ಅಂದಾಜು ಕಾನೂನಿನೊಳಗೆ ಸೇರಿತು, ಇನ್ನೊಂದು ಹೊರಗೇ ಉಳಿಯಿತು.

ಅದೇ ಕಾನೂನು ಹತ್ತು ವರ್ಷದಲ್ಲಿ ಮೆಡಿಕೇಡ್‌ಗೆ ಹೋಗುವ ಕೇಂದ್ರದ ದುಡ್ಡನ್ನು ಸುಮಾರು 90,000 ಕೋಟಿ ಡಾಲರಿನಷ್ಟು ಕಡಿಮೆ ಮಾಡುತ್ತದೆ. ನರ್ಸಿಂಗ್ ಹೋಮ್‌ಗಳು ಈ ಕಡಿತದ ಮುಖ್ಯ ಗುರಿಯಲ್ಲ. ಆದರೆ ರಾಜ್ಯಗಳ ಖಜಾನೆ ಬಿಗಿಯಾದಾಗ ದರ ಏರಿಸುವುದನ್ನು ಮೊದಲು ನಿಲ್ಲಿಸುತ್ತಾರೆ. ಇನ್ನೊಂದು ಕಡೆ, ಈ ಕೆಲಸ ಮಾಡುವವರಲ್ಲಿ ಐದರಲ್ಲಿ ಒಬ್ಬರಷ್ಟು ಹೊರದೇಶದಿಂದ ಬಂದವರು. ಹೈಟಿಯಂಥ ದೇಶದವರಿಗೆ ಅಲ್ಲಿ ಉಳಿದು ಕೆಲಸ ಮಾಡಲು ಇದ್ದ ತಾತ್ಕಾಲಿಕ ರಕ್ಷಣೆಯನ್ನು ತೆಗೆಯಲು ಅಲ್ಲಿನ ಸರ್ಕಾರ ಹೊರಟಿದೆ. ಜನ ಸಿಗುವುದಿಲ್ಲ ಎಂದು ನಿಯಮ ಕೈಬಿಟ್ಟು, ಇರುವ ಜನರನ್ನೂ ಕಳಿಸುವ ದಾರಿ.

ಆಸ್ಟ್ರೇಲಿಯಾ ನಿಮಿಷಗಳನ್ನೇ ಎಣಿಸಿತು

ಇಂಥ ನಿಯಮ ಎಲ್ಲೂ ಆಗುವುದಿಲ್ಲ ಎನ್ನುವವರಿಗೆ ಆಸ್ಟ್ರೇಲಿಯಾ ತೋರಿಸಬಹುದು. ಅಲ್ಲೂ ವೃದ್ಧರ ಆರೈಕೆಯ ಹಗರಣಗಳಾದವು. 2018ರಲ್ಲಿ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ ಕೂತಿತು, 2021ರಲ್ಲಿ ವರದಿ ಕೊಟ್ಟಿತು. 2023ರ ಜುಲೈನಿಂದ 24 ಗಂಟೆಯೂ ನರ್ಸ್ ಕಡ್ಡಾಯ. ಅಕ್ಟೋಬರ್‌ನಿಂದ ದಿನಕ್ಕೆ ಸರಾಸರಿ 200 ನಿಮಿಷ. 2024ರ ಅಕ್ಟೋಬರ್‌ನಿಂದ 215 ನಿಮಿಷ, ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸ್‌ನದು. ಅಮೆರಿಕ ತರಲು ಹೊರಟಿದ್ದು 209. ಹೆಚ್ಚೂಕಡಿಮೆ ಒಂದೇ.

ವ್ಯತ್ಯಾಸ ಎರಡು. ಒಂದು, ಸಂಖ್ಯೆಯ ಜೊತೆ ದುಡ್ಡೂ ಬಂತು. ಸಂಬಳ ಏರಿಸಲು ಸರ್ಕಾರವೇ ಹಣ ಕೊಟ್ಟಿತು. ಎರಡು, ಪ್ರತಿ ಮನೆಯ ಗುರಿ ಅಲ್ಲಿರುವವರ ಸ್ಥಿತಿ ನೋಡಿ ಹೆಚ್ಚುಕಡಿಮೆಯಾಗುತ್ತದೆ. ಹಾಸಿಗೆ ಹಿಡಿದವರು ಜಾಸ್ತಿ ಇದ್ದರೆ ನಿಮಿಷವೂ ಜಾಸ್ತಿ. ಎಲ್ಲ ಮನೆಗಳೂ ಗುರಿ ಮುಟ್ಟಿಲ್ಲ. ದೂರದ ಊರುಗಳಲ್ಲಿ ನರ್ಸ್ ಸಿಗುವುದು ಅಲ್ಲೂ ಕಷ್ಟ. ಆದರೂ ಸಾವಿರಾರು ಮನೆಗಳು ಒಟ್ಟಿಗೆ ಬಾಗಿಲು ಹಾಕಲಿಲ್ಲ.

ನಿಮಿಷ ಸಿಕ್ಕಿದರೆ ಎಲ್ಲ ಸರಿಯೇ?

ಇಲ್ಲ. 209 ನಿಮಿಷ ಕೊಟ್ಟೂ ಬದುಕನ್ನು ಬೇಸರ ಮಾಡಬಹುದು. ಹಲವು ಕಡೆ ಪಾಳಿಯ ಅನುಕೂಲಕ್ಕೆ ಬೆಳಗಿನ ಜಾವ ಐದಕ್ಕೇ ಎಬ್ಬಿಸಿ ಕೂರಿಸುತ್ತಾರೆ, ಸಂಜೆ ಐದಕ್ಕೇ ರಾತ್ರಿಯೂಟ ಮುಗಿಸುತ್ತಾರೆ. ಅರವತ್ತು ವರ್ಷ ತನ್ನದೇ ಅಡುಗೆಮನೆ ಆಳಿದವರಿಗೆ ಯಾವಾಗ ಏಳಬೇಕು ಅನ್ನುವುದೂ ತನ್ನ ಕೈಲಿಲ್ಲ.

ಕೈಖರ್ಚಿನ ವಿಷಯ ಇನ್ನೂ ವಿಚಿತ್ರ. ಮೆಡಿಕೇಡ್ ಮೇಲಿರುವವರ ಪಿಂಚಣಿ ಪೂರ್ತಿ ನರ್ಸಿಂಗ್ ಹೋಮ್‌ಗೇ ಹೋಗುತ್ತದೆ. ಅವರ ಕೈಗೆ ಬಿಡಬೇಕಾದ ಕನಿಷ್ಠ ಮೊತ್ತ ತಿಂಗಳಿಗೆ 30 ಡಾಲರ್. ಇದು 1980ರ ದಶಕದ ಕೊನೆಯಲ್ಲಿ ನಿಗದಿಯಾದದ್ದು, ಇನ್ನೂ ಬದಲಾಗಿಲ್ಲ. ಕೆಲವು ರಾಜ್ಯಗಳು ಸ್ವಲ್ಪ ಹೆಚ್ಚು ಕೊಡುತ್ತವೆ. ತಲೆಗೂದಲು ಕತ್ತರಿಸುವುದು, ಫೋನ್ ಬಿಲ್, ಮೊಮ್ಮಗುವಿಗೊಂದು ಕಾರ್ಡು, ಎಲ್ಲ ಅದರಲ್ಲೇ. ನಗಬೇಡಿ, ನಮ್ಮ ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿಯ ಪಾಲು 80 ವರ್ಷದ ಒಳಗಿನವರಿಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ 200 ರೂಪಾಯಿಯಲ್ಲೇ ನಿಂತಿದೆ.

ಇನ್ನು ಭಾಷೆ. ಮರೆವಿನ ಕಾಯಿಲೆ ಬಂದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಮಸುಕಾಗುವುದುಂಟು. ನಲವತ್ತು ವರ್ಷ ಇಂಗ್ಲಿಷಿನಲ್ಲಿ ಕೆಲಸ ಮಾಡಿದವರೂ ಕೊನೆಗೆ ತಾಯಿಮಾತಿಗೆ ಮರಳುತ್ತಾರೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಹೋದ ಕನ್ನಡಿಗರು ಈಗ ಎಂಬತ್ತರ ಹತ್ತಿರ ಬಂದಿದ್ದಾರೆ. "ನೀರು" ಎಂದು ಕೇಳಿದರೆ ಅರ್ಥವಾಗುವವರು ಆ ಪಾಳಿಯಲ್ಲಿ ಯಾರೂ ಇರುವುದಿಲ್ಲ. ಮೊಸರನ್ನ ಸಿಗದಿದ್ದರೂ ನಡೆದೀತು, ಬಾಯಾರಿಕೆ ತಿಳಿಯದಿದ್ದರೆ ನಡೆಯುವುದಿಲ್ಲ. ಈಚೆಗೆ ಗ್ರೀನ್ ಕಾರ್ಡ್ ಮೇಲೆ ಮಕ್ಕಳ ಹತ್ತಿರ ಹೋದ ತಂದೆತಾಯಿಗೆ ಇನ್ನೊಂದು ತೊಡಕು. ಸಾಮಾನ್ಯವಾಗಿ ಐದು ವರ್ಷ ಆಗುವವರೆಗೆ ಮೆಡಿಕೇರ್ ಕೊಳ್ಳಲೂ ಆಗುವುದಿಲ್ಲ, ಕೇಂದ್ರದ ಮೆಡಿಕೇಡ್ ದುಡ್ಡೂ ಸಿಗುವುದಿಲ್ಲ.

ಆದರೆ ಇವೆಲ್ಲಕ್ಕೂ ಬುಡದಲ್ಲಿ ಮತ್ತೆ ನಿಮಿಷವೇ ಇದೆ. ಎಂಟಕ್ಕೆ ಏಳುತ್ತೇನೆ ಅನ್ನುವವರಿಗೆ ಎಂಟಕ್ಕೆ ಬಂದು ಎಬ್ಬಿಸಲು ಒಬ್ಬರು ಇರಬೇಕು. ನಾಲ್ಕು ಕನ್ನಡ ಪದ ಕಲಿಯಲು ಸಹಾಯಕರಿಗೆ ನಿಂತುಕೊಳ್ಳುವಷ್ಟು ಬಿಡುವಿರಬೇಕು. ಸಂಖ್ಯೆ ಒಂದರಿಂದಲೇ ಗುಣಮಟ್ಟ ಬರುವುದಿಲ್ಲ ಅನ್ನುವ ಮಾಲೀಕರ ಮಾತು ಸರಿ. ಸಂಖ್ಯೆ ಇಲ್ಲದೆ ಅದು ಬರುವ ದಾರಿಯಾದರೂ ಯಾವುದು ಎಂದು ಅವರು ಹೇಳಿಲ್ಲ.

ಮುಂದೇನು?

ನಿಯಮ ಹೋಯಿತು, ಎಲ್ಲವೂ ಹೋಗಲಿಲ್ಲ. 1987ರ "ಸಾಕಾಗುವಷ್ಟು" ಹಾಗೇ ಇದೆ. ಪ್ರತಿ ಮನೆ ತನ್ನ ನಿವಾಸಿಗಳ ಅಗತ್ಯವನ್ನು ಲೆಕ್ಕ ಹಾಕಿ ಬರೆದಿಡಬೇಕು ಅನ್ನುವ ಷರತ್ತನ್ನು ಕೋರ್ಟ್ ತೆಗೆದಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ರಾಜ್ಯದ್ದೇ 3.5 ಗಂಟೆಯ ನಿಯಮವಿದೆ, ಪೆನ್ಸಿಲ್ವೇನಿಯಾದಲ್ಲಿ 3.2. ಇನ್ನು ಮುಂದೆ ಯಾವ ರಾಜ್ಯದಲ್ಲಿ ಮುಪ್ಪು ಬಂತು ಅನ್ನುವುದರ ಮೇಲೆ ನಿಮಿಷ ನಿರ್ಧಾರವಾಗುತ್ತದೆ. ರಾಜ್ಯಗಳ ನಿಯಮದಲ್ಲೂ ದಂಡ ಸಣ್ಣದಿದ್ದರೆ, ಜನ ಇಡುವುದಕ್ಕಿಂತ ದಂಡ ಕಟ್ಟುವುದೇ ಅಗ್ಗ.

ಉಳಿದಿರುವ ಒಂದು ಒಳ್ಳೆಯ ಉಪಕರಣ ಮಾಹಿತಿ. ಸಂಬಳದ ದಾಖಲೆಯಿಂದಲೇ ತೆಗೆದ ಸಿಬ್ಬಂದಿ ಗಂಟೆಗಳು ಮೆಡಿಕೇರ್‌ನ ಕೇರ್ ಕಂಪೇರ್ ತಾಣದಲ್ಲಿ ಮನೆಮನೆಗೂ ಸಿಗುತ್ತವೆ. ಅಲ್ಲಿ ಮನೆಗೆ ಕೊಟ್ಟ ಸ್ಟಾರ್ ರೇಟಿಂಗ್ ನೋಡುವುದಕ್ಕಿಂತ ಶನಿವಾರ, ಭಾನುವಾರದ ಗಂಟೆ ನೋಡುವುದು ಮೇಲು. ವಾರದ ದಿನ ಮ್ಯಾನೇಜರ್ ಇರುತ್ತಾರೆ, ಇನ್ಸ್‌ಪೆಕ್ಟರ್ ಬರಬಹುದು. ಕೈಗಳು ಕಡಿಮೆಯಾಗುವುದು ವಾರದ ಕೊನೆಗೆ.

ನಮ್ಮಲ್ಲಿ? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾನೂನು ಜಿಲ್ಲೆಗೊಂದು, 150 ಬಡ ವೃದ್ಧರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. ರಾಜ್ಯಗಳು ಅದನ್ನು ಸ್ಥಾಪಿಸಬಹುದು ಎನ್ನುತ್ತದೆ, ಸ್ಥಾಪಿಸಲೇಬೇಕು ಎನ್ನುವುದಿಲ್ಲ. ಖಾಸಗಿ ಆರೈಕೆ ಮನೆಗಳು ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ಪಾಲಿಸಬೇಕು ಎಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು. 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು. ಎಪ್ಪತ್ತು ದಾಟಿದವರಿಗೆ ಈಗ ಸಿಗುವ 5 ಲಕ್ಷ ರೂಪಾಯಿಯ ಆಯುಷ್ಮಾನ್ ವಿಮೆ ಆಸ್ಪತ್ರೆಗೆ ಸೇರಿದರೆ ಮಾತ್ರ. ಮಗ್ಗುಲು ಬದಲಿಸುವ ಕೈಗೆ ಅದರಲ್ಲಿ ದುಡ್ಡಿಲ್ಲ.

ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಇಂಥ ಆರೈಕೆ ಮನೆಗಳು ಹೆಚ್ಚುತ್ತಿವೆ. ಕರಪತ್ರದಲ್ಲಿ ಉದ್ಯಾನ, ಭಜನೆ, ಸಾತ್ವಿಕ ಊಟ ಎಲ್ಲ ಇರುತ್ತದೆ. ಒಬ್ಬ ಆಯಾಗೆ ಎಷ್ಟು ಜನ ಅನ್ನುವುದು ಇರುವುದಿಲ್ಲ. ಅದು ಬೇಕಿದ್ದರೆ ಭಾನುವಾರ ಮಧ್ಯಾಹ್ನ ಖುದ್ದಾಗಿ ಹೋಗಿ, ವರಾಂಡದಲ್ಲಿ ನಿಂತು ಎಣಿಸಬೇಕು.